ಚೀಟಿಯಮ್ಮನ ಮೊದಲ ಸಾಲು

ಆ ಕಂಪನಿಯಲ್ಲಿ ಅವಳ ನಿಜವಾದ ಹೆಸರು ಸಂಬಳದ ರಿಜಿಸ್ಟರಿನಲ್ಲಿ ಮಾತ್ರ ಇತ್ತು. ಗೇಟಿನ ಕಾವಲುಗಾರನಿಂದ ಹಿಡಿದು ಯಜಮಾನರವರೆಗೆ ಎಲ್ಲರಿಗೂ ಅವಳು ಚೀಟಿಯಮ್ಮ. ಕಂಪನಿ ತಯಾರಿಸುತ್ತಿದ್ದದ್ದು ಗ್ಯಾಸ್ ಗೀಸರ್, ಬಚ್ಚಲುಮನೆಯ ಗೋಡೆಗೆ ತೂಗುಹಾಕಿ ನೀರು ಕಾಯಿಸುವ ಬಿಳಿ ಡಬ್ಬ. ಅದರ ಪೆಟ್ಟಿಗೆಯೊಳಗೆ ಮಡಚಿಟ್ಟು ಕಳಿಸುವ ಬಳಕೆಯ ಚೀಟಿಯನ್ನು ಇಪ್ಪತ್ತೆರಡು ವರ್ಷಗಳಿಂದ ಬರೆಯುತ್ತಿದ್ದವಳು ಅವಳು. ಒಬ್ಬನೇ ಒಬ್ಬ ಗಿರಾಕಿ ಆ ಚೀಟಿಯನ್ನು ಹೊಗಳಿ ಒಂದು ಮಾತು ಆಡಿರಲಿಲ್ಲ. ಹೊಗಳುವುದಕ್ಕೆ ಅದರಲ್ಲಿ ಏನಿತ್ತು? ಇದ್ದದ್ದೇ ಏಳು ಸಾಲು.

ಮೊದಲ ಸಾಲು ಹೀಗಿತ್ತು: "ಮೊದಲು ಕಿಟಕಿ ತೆರೆಯಿರಿ. ಸ್ನಾನ ಮುಗಿಯುವ ತನಕ ಮುಚ್ಚಬೇಡಿ." ಗಾಳಿಯಾಡದ ಕೋಣೆಯಲ್ಲಿ ಗ್ಯಾಸ್ ಉರಿದರೆ ವಿಷದ ಗಾಳಿ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮೀಯುತ್ತಿದ್ದವರಿಗೆ ತಲೆ ಸುತ್ತುತ್ತದೆ, ಕುಸಿದು ಬೀಳುತ್ತಾರೆ, ಒಳಗಿನಿಂದ ಚಿಲಕ ಹಾಕಿರುತ್ತದೆ. ಉಳಿದ ಆರು ಸಾಲು ಹಾಳಾಗಿ ಹೋದರೂ ಚಿಂತೆಯಿಲ್ಲ, ಈ ಒಂದು ಸಾಲು ಎಲ್ಲರ ಕಣ್ಣಿಗೂ ಬೀಳಬೇಕು ಅನ್ನುವುದು ಅವಳ ಹಟ.

ಅವಳ ಕೆಲಸದ ರೀತಿಯೂ ಒಂದು ಥರ. ಹೊಸ ಮಾದರಿ ಬಂದಾಗಲೆಲ್ಲ ಒಂದು ಗೀಸರನ್ನು ಮನೆಗೆ ತಂದು ಬಚ್ಚಲಲ್ಲಿ ಹಾಕಿಸುವಳು. ಅದರ ಮುಂದೆ ಎಪ್ಪತ್ತೆಂಟರ ಅಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ, ತಾನು ಬಾಗಿಲಲ್ಲಿ ನಿಂತು ಚೀಟಿ ಓದುವಳು. ಕಿವಿಗೆ ಬಿದ್ದದ್ದನ್ನಷ್ಟೇ ಅಮ್ಮನ ಕೈ ಮಾಡಬೇಕು, ಸ್ವಂತ ಬುದ್ಧಿ ಓಡಿಸಕೂಡದು. ಅಮ್ಮ ನಡುವೆ ತಲೆಯೆತ್ತಿ "ಯಾವ್ದೇ? ಮೇಲಿಂದೋ ಕೆಳಗಿಂದೋ?" ಅಂದರೆ ಮುಗಿಯಿತು, ಚೀಟಿ ಹರಿದು ಬುಟ್ಟಿಗೆ. ಅಮ್ಮನ ಕೈ ಎಲ್ಲೂ ತಡವರಿಸದೆ ಏಳನೇ ಸಾಲಿಗೆ ಬಂದು ನಿಂತರೆ ಮಾತ್ರ ಅದು ಅಚ್ಚಿಗೆ.

ಹೀಗೆ ತಣ್ಣಗೆ ನಡೆಯುತ್ತಿದ್ದ ಬದುಕಿಗೆ ಕೊಕ್ಕೆ ಬಂದ. ಬರಹವನ್ನು ಓದುಗರಿಗೆ ಹಿಡಿಸುವಂತೆ ಮಾಡಿಕೊಡುವ ಸಲಹೆಗಾರ ಅಂತ ಯಜಮಾನರು ಕರೆಸಿಕೊಂಡ ಮನುಷ್ಯ. ಗಮಗಮ ಸೆಂಟು, ಮೀಟಿಂಗಿನಲ್ಲಿ ಕೂರದೆ ಅತ್ತಿಂದಿತ್ತ ಓಡಾಟ. ಮೊದಲ ದಿನವೇ ಚೀಟಿಯನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎರಡು ಬೆರಳಲ್ಲಿ ಎತ್ತಿ ಹಿಡಿದ.

"ಇದ್ರಲ್ಲಿ ಭಾವನೆ ಎಲ್ಲಿದೆ ಮೇಡಂ? ಬರೀ ತೆರೆಯಿರಿ, ತಿರುಗಿಸಿ, ಮುಟ್ಟಬೇಡಿ. ಗಿರಾಕಿ ಏನು ಕೈದಿನಾ? ಮೊದಲ ಸಾಲೇ ಕೊಕ್ಕೆ ಆಗ್ಬೇಕು. ಓದುಗನ ಕಾಲರಿಗೆ ಹಾಕಿ ಎಳ್ಕೋಬೇಕು!"

"ನೀರು ಕಾಯಿಸೋಕೆ ಬಂದೋರನ್ನ ಕಾಲರ್ ಹಿಡಿದು ಎಲ್ಲಿಗೆ ಎಳೀತೀರಿ?" ಎಂದಳು ಚೀಟಿಯಮ್ಮ. ಎಲ್ಲರೂ ನಕ್ಕರು. ಕೊಕ್ಕೆಯೂ ನಕ್ಕ. ಆ ಹೆಸರು ಅಂದೇ ಅವನಿಗೆ ಅಂಟಿಕೊಂಡಿತು.

ನಗುವುದಕ್ಕೇನು, ನಕ್ಕರು. ತೀರ್ಮಾನ ಮಾತ್ರ ಅವನದೇ ಆಯಿತು. ಇನ್ನು ಮುಂದೆ ಪೆಟ್ಟಿಗೆಯಲ್ಲಿ ಚೀಟಿ ಇರುವುದಿಲ್ಲ. ಅದರ ಬದಲು ಬಣ್ಣದ ಒಂದು ಕಾರ್ಡು, ಅದರ ಮೇಲೆ ಕಪ್ಪು ಚೌಕ. ಅದಕ್ಕೆ ಫೋನು ಹಿಡಿದರೆ ಕಂಪನಿಯ ಪುಟ ತೆರೆದುಕೊಳ್ಳುತ್ತದೆ. ಅಲ್ಲಿ ಮೊದಲು ಮನ ಮುಟ್ಟುವ ಕಥೆ, ಕೆಳಗೆ ಬಳಕೆಯ ವಿಧಾನ. ಯಾರು ಎಷ್ಟು ಹೊತ್ತು ಓದಿದರು ಅನ್ನುವುದೂ ಲೆಕ್ಕ ಸಿಗುತ್ತದೆ.

"ಕಿಟಕಿ ಸಾಲು?" ಅವಳು ಕೇಳಿದಳು.

"ಇರುತ್ತೆ ಮೇಡಂ, ಕಥೆ ಆದ್ಮೇಲೆ ಇರುತ್ತೆ. ಶುರುವಿನಲ್ಲೇ ಸಾಯ್ತೀರಿ ಅಂದ್ರೆ ಯಾರು ಓದ್ತಾರೆ?"

ಕಥೆಯ ಮಾದರಿಯೊಂದನ್ನು ಅವನೇ ಬರೆದು ತಂದಿದ್ದ. 'ನೀರು... ಅದು ಬರೀ ನೀರಲ್ಲ. ಅದು ಅಮ್ಮನ ಅಪ್ಪುಗೆ' ಅಂತ ಶುರು. ತುತ್ತಿನಲ್ಲಿ ಕೂದಲು ಸಿಕ್ಕಂತಾಯಿತು ಅವಳಿಗೆ. ಅಮ್ಮನ ಅಪ್ಪುಗೆಯಂತೆ! ಈತನ ಅಮ್ಮ ಒಂದು ದಿನವಾದರೂ ಸೌದೆ ಒಲೆ ಊದಿದ್ದಾಳೆಯೇ? ಬಿಸಿನೀರು ಅಂದರೆ ಏನು ಅಂತ ತನಗೆ ಗೊತ್ತಿಲ್ಲವೇ? ಆ ಸುಳ್ಳು ಬರಹವನ್ನು ಸಹಿಸಲಾರದೆ, "ಕೊಡಿ ಇಲ್ಲಿ, ನಾನೇ ಬರೀತೀನಿ" ಅಂದುಬಿಟ್ಟಳು. ಅಲ್ಲೇ ಎಡವಿದ್ದು. ಹೇಸಿಗೆ ಅಂತ ಮೂಗು ಮುಚ್ಚಿಕೊಂಡು ದೂರ ನಿಲ್ಲಬೇಕಾದವಳು, ಇವನಿಗಿಂತ ಚೆನ್ನಾಗಿ ಬರೆದು ತೋರಿಸುತ್ತೇನೆ ಅಂತ ಹೊರಟಳು.

ಬರೆದದ್ದು ಸುಳ್ಳಲ್ಲ. ಅವಳ ಚಿಕ್ಕಂದಿನಲ್ಲಿ ಒಲೆ ಇದ್ದದ್ದು ಹೊರಗೆ, ಅಂಗಳದಲ್ಲಿ. ಹೊಗೆಗೆ ಕಣ್ಣು ಕೆಂಪಾಗಿಸಿಕೊಂಡು ಅಮ್ಮ ಒಂದೇ ಒಂದು ಹಂಡೆ ನೀರು ಕಾಯಿಸುವಳು. ಮೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮೀಯಿಸುವಳು. ಬಚ್ಚಲಿನ ಕಿಟಕಿಯಿಂದ ಚಳಿಗಾಳಿ ನುಗ್ಗುತ್ತಿದ್ದರೆ, ಹೊದ್ದಿದ್ದ ಒಂದೇ ಶಾಲನ್ನು ತೆಗೆದು ಕಿಟಕಿಯ ಸಂದಿಗೆ ತುರುಕಿ, ತಾನು ನಡುಗುತ್ತ ಮಕ್ಕಳ ಮೇಲೆ ನೀರು ಹುಯ್ಯುವಳು. ಕೊನೆಗೆ ಹಂಡೆಯ ತಳದಲ್ಲಿ ಉಳಿದ ತಣ್ಣೀರು ಅವಳ ಪಾಲಿಗೆ.

ಓದಿ ಯಜಮಾನರು ಕನ್ನಡಕ ಒರೆಸಿಕೊಂಡರು. ಕೊಕ್ಕೆ ಕುಣಿದಾಡಿದ. ಶಾಲಿನ ಸಾಲನ್ನು ದಪ್ಪ ಅಕ್ಷರದಲ್ಲಿ ಕಾರ್ಡಿನ ಮೇಲೆಯೇ ಅಚ್ಚು ಹಾಕಿಸಿದ, ಪಕ್ಕದಲ್ಲಿ ಕಿಟಕಿಗೆ ಶಾಲು ತುರುಕುತ್ತಿರುವ ತಾಯಿಯ ಚಿತ್ರ. ಚೀಟಿಯಮ್ಮನ ಒಳಗೂ ಏನೋ ಉಬ್ಬಿತು ಅನ್ನುವುದನ್ನು ಮುಚ್ಚಿಡಬೇಕಾಗಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ಹೊಗಳಿಕೆ ಸಿಕ್ಕಿತ್ತು. ಆ ಸಲ ಅವಳು ಅಮ್ಮನನ್ನು ಸ್ಟೂಲಿನ ಮೇಲೆ ಕೂರಿಸಲಿಲ್ಲ. ಅಮ್ಮನ ಕಥೆಯನ್ನು ಅಮ್ಮನಿಗೇ ಓದಲು ನಾಚಿಕೆ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಎರಡು ವಾರಕ್ಕೆ ಲೆಕ್ಕ ಬಂತು. ಕಂಪನಿಯ ಪುಟದಲ್ಲಿ ಮೊದಲು ಚೀಟಿಯ ಏಳು ಸಾಲಷ್ಟೇ ಇದ್ದಾಗ ಜನ ನಲವತ್ತು ಸೆಕೆಂಡು ನಿಲ್ಲುತ್ತಿದ್ದರಂತೆ, ಈಗ ನಾಲ್ಕು ನಿಮಿಷ! ಕೇಕು ಕತ್ತರಿಸಿದರು, ಚಪ್ಪಾಳೆ ಹೊಡೆದರು. ದೂರಿನ ಫೋನು ಎತ್ತುವ ಹೆಂಗಸು ಮಾತ್ರ ಕೇಕಿನ ತಟ್ಟೆ ಹಿಡಿದು ಅವಳ ಪಕ್ಕಕ್ಕೆ ಬಂದಳು.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ಕಥೆ ಚೆನ್ನಾಗಿದೆ ಅಂತಾರೆ. ಆದ್ರೆ ಹೊತ್ತಿಸೋದು ಹೇಗೆ ಅಂತ ಎಲ್ಲಿ ಬರ್ದಿದೀರಿ, ಮೇಲೆ ಕೆಳಗೆ ಹುಡುಕಿ ಹುಡುಕಿ ಸಾಕಾಯ್ತು ಅಂತ ದಿನಾ ಹತ್ತು ಜನ ಫೋನ್ ಮಾಡ್ತಾರೆ."

ಬಾಯಲ್ಲಿದ್ದ ಕೇಕು ಹಿಟ್ಟಾಯಿತು. ನಾಲ್ಕು ನಿಮಿಷ ಓದಿದ್ದಲ್ಲ, ಹುಡುಕಿದ್ದು! ಮೊದಲಿನ ನಲವತ್ತು ಸೆಕೆಂಡಿನಲ್ಲಿ ಬೇಕಾದದ್ದು ಸಿಕ್ಕು ಎದ್ದುಹೋಗುತ್ತಿದ್ದರು. ಕೊಕ್ಕೆಗೆ ಹೇಳಿದರೆ ಅವನು ಕೆನೆ ಮೆತ್ತಿದ ಬೆರಳು ನೆಕ್ಕುತ್ತ, "ಹುಡುಕ್ಲಿ ಬಿಡಿ ಮೇಡಂ, ಹುಡುಕೋದೂ ಓದೋದೇ ತಾನೇ" ಅಂದ. ಥೂ! ತಟ್ಟೆಯನ್ನು ಮೇಜಿನ ಮೇಲಿಟ್ಟು ಅರ್ಧ ದಿನ ರಜೆ ಹಾಕಿ ಮನೆಗೆ ಹೋದಳು.

ಮಧ್ಯಾಹ್ನ ಅಮ್ಮನನ್ನು ಬಚ್ಚಲಿಗೆ ಕರೆತಂದು ಸ್ಟೂಲಿನ ಮೇಲೆ ಕೂರಿಸಿದಳು. ಬಿಡಬಾರದಿದ್ದ ಪರೀಕ್ಷೆಯನ್ನು ಈಗಲಾದರೂ ಮಾಡಬೇಕಿತ್ತು. ಕಿಟಕಿ ಎಂದಿನಂತೆ ತೆರೆದಿತ್ತು. ಫೋನಿನಿಂದ ಕಥೆ ಓದತೊಡಗಿದಳು. ಅಂಗಳದ ಒಲೆ ಬಂದಾಗ ಅಮ್ಮನ ಕೈ ಮಡಿಲಲ್ಲೇ ಇತ್ತು. ಹಂಡೆ ಬಂದಾಗ ಕಣ್ಣು ತುಂಬಿತು. ಶಾಲಿನ ಸಾಲು ಬಂತು. ಅಮ್ಮ ನಿಧಾನಕ್ಕೆ ಎದ್ದಳು. ಭುಜದ ಮೇಲಿನ ಟವೆಲ್ಲು ತೆಗೆದಳು. ಕಿಟಕಿ ಎಳೆದು ಮುಚ್ಚಿ, ಸಂದಿಗೆ ಟವೆಲ್ಲನ್ನು ಬೆರಳಿನಿಂದ ಒತ್ತಿ ಒತ್ತಿ ತುರುಕಿದಳು.

"ಹೀಗೇ ಅಲ್ವೇನೇ ಮಾಡ್ತಿದ್ದಿದ್ದು? ಅದೆಲ್ಲಾ ನೆನಪಿದ್ಯಾ ನಿಂಗೆ? ಎಷ್ಟು ಚೆನ್ನಾಗಿ ಬರ್ದಿದೀಯೇ ಮಗಳೇ."

ಚೀಟಿಯಮ್ಮ ಗೋಡೆಯ ಮೇಲಿನ ಗೀಸರ್ ನೋಡಿದಳು. ಅಂದಿನ ಬೆಂಕಿ ಅಂಗಳದಲ್ಲಿತ್ತು. ಇಂದಿನ ಬೆಂಕಿ ಈ ಡಬ್ಬದೊಳಗೆ, ಇದೇ ಕೋಣೆಯಲ್ಲಿ. ಎರಡು ವಾರದಿಂದ ಎಷ್ಟು ಮನೆಗಳಿಗೆ ಆ ಚಿತ್ರ ಹೋಗಿದೆ? ಕಿಟಕಿ ಮುಚ್ಚಿ ಅಂತ ಅವಳೇ ಹೇಳಿಕೊಟ್ಟಿದ್ದಳು, ಅದೂ ಕಣ್ಣೀರು ಬರುವ ಹಾಗೆ. ಕೊಕ್ಕೆಯ ಮೇಲಿದ್ದ ಹೇಸಿಗೆಯೆಲ್ಲ ತಿರುಗಿ ತನ್ನ ಕೈಬೆರಳುಗಳಿಗೇ ಮೆತ್ತಿಕೊಂಡಿತು. ಟವೆಲ್ಲು ಕಿತ್ತು ಕಿಟಕಿ ತೆರೆದಳು. ಅಮ್ಮನಿಗೆ ಯಾಕೆ ಅಂತ ತಿಳಿಯಲಿಲ್ಲ.

ಯಜಮಾನರಿಗೆ ಫೋನು ಮಾಡಿದಳು. ಅವರು ಊರಲ್ಲಿಲ್ಲ, ನಾಳೆ ಬೆಳಗ್ಗೆ ಮಾತಾಡೋಣ ಅಂದರು. ಪುಟವನ್ನಾದರೂ ತೆಗೆದುಹಾಕಿ ಅಂತ ಅಂಗಲಾಚಿದರೆ, ಅದು ಕೊಕ್ಕೆಯ ಕೈಯಲ್ಲಿದೆ ಅಂದರು. ಕೊಕ್ಕೆ ಫೋನು ಎತ್ತಲಿಲ್ಲ.

ಬೆಳಗ್ಗೆ ಎಂಟಕ್ಕೆಲ್ಲ ಯಜಮಾನರ ಕೋಣೆಯಲ್ಲಿ ಮೂವರೂ ಸೇರಿದರು. ಪುಟ ಇಳಿಸಬೇಕು, ಕಾರ್ಡು ಸುಡಬೇಕು, ಹೋದ ಮನೆಗಳಿಗೆಲ್ಲ ಫೋನು ಮಾಡಿ ಎಚ್ಚರಿಸಬೇಕು ಅಂತ ಅವಳು ಒಂದೇ ಉಸಿರಿಗೆ ಹೇಳಿದಳು.

"ಯಾರಿಗಾದ್ರೂ ಏನಾದ್ರೂ ಆಗಿದ್ಯಾ?" ಯಜಮಾನರು ಕೇಳಿದರು.

"ಆಗ್ಲಿ ಅಂತ ಕಾಯ್ಬೇಕಾ ಸಾರ್?"

"ನಿಮ್ಮಮ್ಮನಿಗೆ ವಯಸ್ಸಾಗಿದೆ, ಪಾಪ," ಕೊಕ್ಕೆ ನಡುವೆ ಬಾಯಿ ಹಾಕಿದ. ಸೆಂಟಿನ ವಾಸನೆ ಕೋಣೆಯ ತುಂಬ. "ಒಬ್ರು ಅಜ್ಜಿ ಕಿಟಕಿ ಮುಚ್ಚಿದ್ರು ಅಂತ ಇಂಥ ಬರಹ ಕೊಲ್ಲೋದಾ? ಅದರ ಶಕ್ತಿ ಏನು ಅಂತ ನನ್ನ ಕೇಳಿ. ನೀವು ಉಡುಗೊರೆ ಕೊಟ್ರಲ್ಲ ಸಾರ್ ಗೀಸರ್, ಹೋದ ವಾರ ನಮ್ಮನೇಲಿ ಹಾಕ್ಸಿದ್ವಿ. ನನ್ನ ಹೆಂಡ್ತಿ ಕಾರ್ಡ್ ಓದಿ ಅತ್ತೇಬಿಟ್ಳು. ಅವತ್ತೇ ಬಚ್ಚಲ ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ಳು, ಮಗಳಿಗೆ ಚಳಿ ತಾಗ್ಬಾರ್ದು ಅಂತ! ಬರೀ ಓದೋದಲ್ಲ ಸಾರ್, ಓದಿದ ಹಾಗೇ ಮಾಡ್ತಾರೆ, ಅದು..."

ಮಾತು ಅಲ್ಲಿಗೇ ನಿಂತಿತು. ತಾನು ಏನು ಹೇಳಿದೆ ಅನ್ನುವುದು ಅವನ ಕಿವಿಗೇ ತಡವಾಗಿ ಬಿತ್ತು.

"ನಿಮ್ಮ ಮಗಳು ಎಷ್ಟು ಹೊತ್ತಿಗೆ ಸ್ನಾನ ಮಾಡ್ತಾಳೆ?" ಚೀಟಿಯಮ್ಮ ಮೆಲ್ಲಗೆ ಕೇಳಿದಳು.

ಅವನು ಗೋಡೆಯ ಗಡಿಯಾರ ನೋಡಿದ. ಎಂಟೂ ಹತ್ತು. ಶಾಲೆಯ ಬಸ್ಸು ಬರುವುದು ಎಂಟೂವರೆಗೆ.

ಅವನು ಮನೆಗೆ ಫೋನು ಮಾಡಿದ. ರಿಂಗ್ ಆಗುತ್ತಲೇ ಇತ್ತು. ಆ ಕಡೆ ಎತ್ತಿದ ತಕ್ಷಣ ಅವನು ಕಿರುಚಿದ.

"ಕಿಟಕಿ ತೆಗಿ! ಮೊದ್ಲು ಕಿಟಕಿ ತೆಗಿ! ಬಾಗ್ಲು ಒಡಿ, ಅವಳನ್ನ ಆಚೆ ಕರ್ಕೊಂಡು ಬಾ!"

ಫೋನಿನ ಆಚೆ ಬಾಗಿಲು ಬಡಿಯುವ ಸದ್ದು, ಒಂದು ಹೆಂಗಸಿನ ಕೂಗು, ಮತ್ತೆ ಬಡಿತ. ಕಡೆಗೆ ಚಿಲಕ ತೆಗೆದ ಸದ್ದು ಕೇಳಿತು, ಬೆನ್ನಿಗೇ ಮಗುವಿನ ಅಳು. ತಲೆ ಸುತ್ತುತ್ತೆ ಅಂತ ಎರಡು ದಿನದಿಂದ ಹೇಳುತ್ತಿದ್ದಳಂತೆ, ಶಾಲೆ ತಪ್ಪಿಸುವ ನೆಪ ಅಂದುಕೊಂಡಿದ್ದರಂತೆ. ಕೊಕ್ಕೆ ಕುರ್ಚಿ ಹುಡುಕಿ ಕುಳಿತ.

ಪುಟ ಅವತ್ತೇ ಇಳಿಯಿತು. ಕಾರ್ಡು ಹೋದ ಮನೆಗಳ ಪಟ್ಟಿ ಹಿಡಿದು ಚೀಟಿಯಮ್ಮ ಫೋನಿನ ಹೆಂಗಸಿನ ಪಕ್ಕ ಕುಳಿತಳು. ಒಂಬೈನೂರು ಮನೆ. ಯಾರು ಎತ್ತಿದರೂ ಅವಳು ಹೇಳಿದ್ದು ಒಂದೇ ಮಾತು, ಇಪ್ಪತ್ತೆರಡು ವರ್ಷದ ಹಳೆಯ ಸಾಲು. ನಾಲ್ಕನೇ ದಿನಕ್ಕೆ ಗಂಟಲು ಕಟ್ಟಿಹೋಯಿತು. ಅಷ್ಟು ಹೊತ್ತಿಗೆ ಎಂಟುನೂರ ಅರವತ್ತು ಮನೆಯವರು ಮಾತಿಗೆ ಸಿಕ್ಕಿದ್ದರು. "ಅಯ್ಯೋ, ನಾವೂ ಬಟ್ಟೆ ತುರುಕಿದ್ವಿ ಕಣಮ್ಮಾ" ಅಂದವರು ಎಷ್ಟು ಜನ ಅಂತ ಅವಳು ಎಣಿಸಲು ಹೋಗಲಿಲ್ಲ. ಅವರಲ್ಲೊಬ್ಬಳು ಫೋನು ಇಡುವ ಮೊದಲು, "ಆ ಕಥೆ ಬರ್ದೋರು ಯಾರಮ್ಮ? ಬಹಳ ಚೆನ್ನಾಗಿ ಬರ್ದಿದಾರೆ" ಎಂದಳು.

"ಗೊತ್ತಿಲ್ಲ," ಎಂದಳು ಚೀಟಿಯಮ್ಮ. "ನೀವು ಮೊದ್ಲು ಹೋಗಿ ಕಿಟಕಿ ತೆಗೀರಿ. ನಾನು ಫೋನ್ ಹಿಡ್ಕೊಂಡಿರ್ತೀನಿ."