ಅವ್ವ ಒಪ್ಪಿಸಿದ ಬೆಳ್ಳಿ ಕಣ್ಣು

ನನ್ನ ಮುಖದಿಂದ ಕನ್ನಡಕ ಇಳಿಯಲಿ ಎಂದು ಅವ್ವ ಹರಕೆ ಹೊತ್ತದ್ದು ನಾನು ಐದನೇ ಕ್ಲಾಸಿನಲ್ಲಿದ್ದಾಗ. ತಿಪಟೂರಿನ ಅಂಗಡಿಯಲ್ಲಿ ಮಾಡಿಸಿದ ಕನ್ನಡಕ ಹಾಕಿಕೊಂಡು ಬಸ್ಸಿಳಿದ ದಿನವೇ ಊರಿನ ಹುಡುಗರು ನನಗೆ ಸೋಡಾಬುಡ್ಡಿ ಎಂದು ಹೆಸರಿಟ್ಟರು. ನಾನು ಒಬ್ಬನಿಗೆ ಕಲ್ಲು ಬೀರಿದೆ. ಕನ್ನಡಕ ಇದ್ದದ್ದರಿಂದ ಗುರಿ ತಪ್ಪಲಿಲ್ಲ. ಅವನ ತಾಯಿ ನಮ್ಮ ಜಗಲಿಯವರೆಗೂ ಬಂದು ಬೈದು ಹೋದ ಮೇಲೆ ಅವ್ವ ನನ್ನ ರಟ್ಟೆ ಹಿಡಿದು ಊರ ದೇವಿಯ ಗುಡಿಗೆ ಎಳೆದುಕೊಂಡು ಹೋದಳು. ಈ ಮಗಳ ಕನ್ನಡಕ ಇಳಿಸು ತಾಯಿ, ಇಳಿದ ವಾರದೊಳಗೆ ನಿನಗೆ ಬೆಳ್ಳಿ ಕಣ್ಣು ಮಾಡಿಸಿ ಒಪ್ಪಿಸುತ್ತೇನೆ ಎಂದು ಮಾತು ಕೊಟ್ಟಳು.

ಕಣ್ಣುಬೇನೆಗೆ ಬೆಳ್ಳಿ ಕಣ್ಣು ಒಪ್ಪಿಸುವುದು ನಮ್ಮ ಕಡೆ ಹೊಸದಲ್ಲ. ಆದರೆ ಅವ್ವ 'ವಾರದೊಳಗೆ' ಎಂದದ್ದಕ್ಕೆ ಕಾರಣವಿತ್ತು. ನನಗಿಂತ ಮುಂಚೆ ಅವಳಿಗೆ ಒಂದು ಗಂಡು ಮಗು ಹುಟ್ಟಿತ್ತು. ಅದಕ್ಕೆ ಜ್ವರ ಬಂದಾಗ ಇದೇ ದೇವಿಗೆ ಹರಕೆ ಹೊತ್ತು, ಜ್ವರ ಬಿಟ್ಟ ಮೇಲೆ, ತೆಂಗಿನಕಾಯಿ ಕೀಳಿಸಿ ದುಡ್ಡು ಬಂದ ನಂತರ ತೀರಿಸೋಣ ಎಂದು ಮುಂದಕ್ಕೆ ಹಾಕಿದಳಂತೆ. ಕಾಯಿ ಕೀಳಿಸುವ ಮೊದಲೇ ಮಗು ಹೋಯಿತು. ಆಮೇಲಿಂದ ಅವ್ವ ದೇವಿಯ ವಿಷಯದಲ್ಲಿ ಒಂದು ಗಳಿಗೆ ತಡ ಮಾಡಿದವಳಲ್ಲ, ಆಡಿದ ಮಾತಿನಲ್ಲಿ ಒಂದು ಎಳೆ ತಪ್ಪಿದವಳಲ್ಲ. ಅಪ್ಪ ಅವಳನ್ನು ಎಷ್ಟೋ ವಿಷಯಕ್ಕೆ ರೇಗಿಸುತ್ತಿದ್ದರು, ಇದೊಂದಕ್ಕೆ ಮಾತ್ರ ಬಾಯಿ ಹಾಕುತ್ತಿರಲಿಲ್ಲ.

ಏಳೆಂಟು ವರ್ಷ ದೇವಿ ಸುಮ್ಮನಿದ್ದಳು. ನನ್ನ ಕನ್ನಡಕದ ಗಾಜು ವರ್ಷ ವರ್ಷವೂ ದಪ್ಪವಾಯಿತು. ತೊಂಬತ್ತರ ದಶಕದ ಕೊನೆಗೆ ಡಿಗ್ರಿ ಓದಲು ತುಮಕೂರಿನ ಹಾಸ್ಟೆಲ್ ಸೇರಿದಾಗ, ನನ್ನ ಕೋಣೆಯ ಹುಡುಗಿಯೊಬ್ಬಳು ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಿದ್ದಳು. ಬೆರಳ ತುದಿಯಲ್ಲಿ ನೀರಿನ ಹನಿಯ ಹಾಗೆ ಕೂರುವ ಆ ಚೂರನ್ನು ಕಣ್ಣಿಗೆ ಇಟ್ಟುಕೊಂಡರೆ ಆಯಿತು, ಕನ್ನಡಕ ಬೇಡ. ಅಪ್ಪನನ್ನು ಕಾಡಿ ಬೇಡಿ ನಾನೂ ಒಂದು ಜೊತೆ ಹಾಕಿಸಿಕೊಂಡೆ. ದಸರಾ ರಜೆಗೆ ಊರಿಗೆ ಬಂದಾಗ ಅವ್ವ ಜಗಲಿಯ ಮೇಲೆ ರಾಗಿ ಕೇರುತ್ತಿದ್ದಳು. ನನ್ನ ಬರಿ ಮುಖ ನೋಡಿದವಳೇ ಮೊರ ಕೆಳಗೆ ಬಿಟ್ಟು ಅಳುವುದಕ್ಕೆ ಶುರು ಮಾಡಿದಳು.

ನಾನೇನೂ ಮುಚ್ಚಿಡಲಿಲ್ಲ. ಅವತ್ತು ಸಂಜೆಯೇ ಅವಳ ಮುಂದೆ ಕೂತು ಲೆನ್ಸ್ ತೆಗೆದು ಡಬ್ಬಿಗೆ ಹಾಕಿ ತೋರಿಸಿದೆ. ನೋಡವ್ವ, ಇದು ಇಲ್ಲದಿದ್ದರೆ ನಾನು ಅದೇ ಸೋಡಾಬುಡ್ಡಿ, ನನ್ನ ಕಣ್ಣಿಗೆ ಏನೂ ವಾಸಿಯಾಗಿಲ್ಲ ಎಂದೆ. ಅವ್ವ ಡಬ್ಬಿಯೊಳಗೆ ಇಣುಕಿ ನೋಡಿದಳು.

"ನಾನು ಕೇಳಿದ್ದು ಕನ್ನಡಕ ಇಳೀಲಿ ಅಂತ. ಇಳೀತು. ಹೆಂಗೆ ಇಳೀತು ಅಂತ ಕೇಳಕ್ಕೆ ನಾನ್ಯಾರು ಕಣವ್ವ?" ಎಂದಳು.

ವಾರದೊಳಗೆ ಬೆಳ್ಳಿ ಕಣ್ಣು ಬಂತು. ಪೂಜಾರಪ್ಪ ಅದನ್ನು ಮೇಣ ಹಚ್ಚಿ ದೇವಿಯ ಮುಖಕ್ಕೆ ಅಂಟಿಸಿದರು. ಊರಿಗೆ ಊಟ ಹಾಕಿಸಿದ್ದೂ ಆಯಿತು. ಪಾಯಸ ಬಡಿಸುತ್ತಾ ಹೋದ ನನ್ನ ಗದ್ದ ಹಿಡಿದೆತ್ತಿ ಹೆಂಗಸರು ಕಣ್ಣೊಳಗೆ ಕಣ್ಣಿಟ್ಟು ನೋಡಿದರು. ಲೆನ್ಸ್ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಎಲ್ಲಿದ್ದರೂ ಬಂದು ನಡುವೆ ನಿಲ್ಲುತ್ತಿದ್ದಳು. ಎಲೆ ಎತ್ತಿದ ಮೇಲೆ ನನಗೆ ಒಂದೇ ಮಾತು ಹೇಳಿದಳು: ಇನ್ನು ಕನ್ನಡಕ ಮುಟ್ಟಬೇಡ. ದೇವಿ ಇಳಿಸಿದ್ದನ್ನು ಮತ್ತೆ ಏರಿಸಿದರೆ ಕೊಟ್ಟದ್ದನ್ನು ಅವಳ ಮುಖಕ್ಕೇ ಎಸೆದ ಹಾಗೆ. ಎಸೆದವರಿಗೆ ಏನಾಗುತ್ತದೆ ಎಂದು ಅವಳು ಹೇಳಲಿಲ್ಲ. ಹೇಳುವುದೇನು ಬಂತು, ಆ ಮಗುವಿನ ವಿಷಯ ನನಗೆ ಗೊತ್ತಿತ್ತು.

ಅಲ್ಲಿಗೆ ನಾನು ಸಿಕ್ಕಿಬಿದ್ದೆ. ಹಾಸ್ಟೆಲಿನಲ್ಲಿದ್ದಷ್ಟು ದಿನ ನಡೆಯಿತು. ಡಿಗ್ರಿ ಮುಗಿಸಿ ಊರಿಗೆ ಬಂದು, ಹೊನ್ನವಳ್ಳಿಯ ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳಲು ಸೇರಿದ ಮೇಲೆ ಗೊತ್ತಾಯಿತು ಇದೆಂಥ ಸೆರೆ ಎಂದು. ಲೆನ್ಸ್ ಹಾಕುವವರಿಗೆ ಧೂಳು ಆಗದು, ಹೊಗೆ ಆಗದು, ಎಂಟು ಗಂಟೆ ಮೀರಿದರೆ ಕಣ್ಣು ಉರಿಯುತ್ತದೆ. ನನಗೆ ಬೆಳಗ್ಗೆ ಬಸ್ಸಿನ ಧೂಳು, ಹಗಲೆಲ್ಲ ಸೀಮೆಸುಣ್ಣ, ಸಂಜೆ ಮನೆಗೆ ಬಂದರೆ ತೆಂಗಿನ ಸಿಪ್ಪೆಯ ಹೊಗೆ. ಜಗಲಿಗೆ ಯಾರಾದರೂ ಬಂದು ಹೋಗುತ್ತಲೇ ಇರುವುದರಿಂದ ಮಲಗುವವರೆಗೂ ತೆಗೆಯುವ ಹಾಗಿಲ್ಲ. ಸಾಲದ್ದಕ್ಕೆ ಬಂದವರೆಲ್ಲ ನನ್ನನ್ನು ಪರೀಕ್ಷೆ ಮಾಡುತ್ತಿದ್ದರು. ಆ ಮರದ ಸುಳಿಯ ಹತ್ತಿರ ಕೂತಿರುವುದು ಕಾಗೆಯೋ ಗಿಳಿಯೋ ಹೇಳು ಎನ್ನುವರು. ಹೇಳಿದರೆ ಗುಡಿಯ ಕಡೆ ತಿರುಗಿ ಕೈ ಮುಗಿಯುವರು. ಮೈಯೆಲ್ಲ ಉರಿದುಹೋಗುತ್ತಿತ್ತು. ಸಿಟ್ಟು ಮೊದಲೇ ನನ್ನ ಮೂಗಿನ ತುದಿಯಲ್ಲಿರುವಂಥದ್ದು, ಕನ್ನಡಕ ಹೋದ ಮೇಲೆ ಅದಕ್ಕೆ ಇನ್ನಷ್ಟು ಜಾಗ ಸಿಕ್ಕಿತ್ತು.

ಇಡೀ ಮನೆಯಲ್ಲಿ ನನಗೆ ಉಸಿರಾಡುವ ಜಾಗ ಅಟ್ಟ ಒಂದೇ. ಉಂಡೆ ಕೊಬ್ಬರಿಗೆಂದು ಕಾಯಿಗಳನ್ನು ವರ್ಷಗಟ್ಟಲೆ ಅಲ್ಲಿ ಹರಡಿರುತ್ತಾರೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಎನ್ನಬೇಕು, ಆಗ ಅದು ಹದಕ್ಕೆ ಬಂದಿದೆ ಎಂದರ್ಥ. ಆ ಕೆಲಸಕ್ಕೆ ಕಣ್ಣೇ ಬೇಡ. ಕಾಯಿ ನೋಡಿ ಬರುತ್ತೇನೆಂದು ಹತ್ತಿಹೋಗಿ, ಮೂಲೆಯ ಕಾಯಿರಾಶಿಯಲ್ಲಿ ಹುದುಗಿಸಿಟ್ಟಿದ್ದ ಹಳೇ ಕನ್ನಡಕ ತೆಗೆದು, ಲೆನ್ಸ್ ಬಿಚ್ಚಿ, ಬೆಳಕಿಂಡಿಯ ಕೆಳಗೆ ಕೂತು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಕೆಳಗಿಂದ ಅವ್ವ ಕೂಗಿದರೆ ಒಂದು ಕಾಯಿ ಎತ್ತಿ ಗಡಗಡ ಅನ್ನಿಸುತ್ತಿದ್ದೆ. ನನ್ನ ಸ್ವಂತ ಕನ್ನಡಕವನ್ನು ಕದ್ದ ಮಾಲಿನಂತೆ ಬಚ್ಚಿಟ್ಟುಕೊಳ್ಳಬೇಕಾಯಿತಲ್ಲ ಎಂದು ಎಷ್ಟೋ ಸಲ ಅಲ್ಲೇ ಅತ್ತಿದ್ದೇನೆ.

ಎರಡು ವರ್ಷ ಹೀಗೇ ಎಳೆದೆ. ಒಂದು ಬೆಳಗ್ಗೆ ಎಡಗಣ್ಣು ಕೆಂಡದಂತಾಗಿ ಊದಿಕೊಂಡಿತು. ತಿಪಟೂರಿನ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಸಣ್ಣ ಹುಣ್ಣಾಗಿದೆ, ಇದು ವಾಸಿಯಾಗುತ್ತದೆ, ಆದರೆ ಇನ್ನು ಮೇಲೆ ಲೆನ್ಸ್ ಹಾಕಿದರೆ ಕಣ್ಣೇ ಹೋದೀತು, ಕನ್ನಡಕ ಹಾಕಿಕೊಳ್ಳಿ ಎಂದರು. ಹೊರಗೆ ಬೆಂಚಿನ ಮೇಲೆ ಕೂತು ಅವ್ವನಿಗೆ ಇದನ್ನು ಹೇಳಿದೆ. ಲೆನ್ಸ್ ಹಾಕಿದರೆ ಮಗಳ ಕಣ್ಣು ಹೋಗುತ್ತದೆ, ಕನ್ನಡಕ ಹಾಕಿದರೆ ಮಗಳೇ ಹೋಗುತ್ತಾಳೆ. ಅವಳ ಲೆಕ್ಕದಲ್ಲಿ ಇವೆರಡರ ನಡುವೆ ದಾರಿಯೇ ಇರಲಿಲ್ಲ.

ದಾರಿ ತೋರಿಸಿದ್ದು ನಮ್ಮ ಶಾಲೆಯ ವಿಜ್ಞಾನದ ಮೇಡಂ. ಬೆಂಗಳೂರಿನಲ್ಲಿ ಲೇಸರ್ ಎಂಬ ಬೆಳಕು ಬಿಟ್ಟು ಕಣ್ಣಿನ ಮುಂದಿನ ಪದರವನ್ನು ಸ್ವಲ್ಪವೇ ಸ್ವಲ್ಪ ತಿದ್ದುತ್ತಾರಂತೆ. ಆಮೇಲೆ ಕನ್ನಡಕವೂ ಬೇಡ, ಲೆನ್ಸೂ ಬೇಡ. ಅವ್ವ ಒಂದೇ ಮಾತಿಗೆ ಒಪ್ಪಿದಳು. ಅಪ್ಪ ಕಣ್ಣಿನ ವಿಷಯ, ಹುಡುಗಾಟ ಅಲ್ಲ ಎಂದು ಹಿಂದೆ ಮುಂದೆ ನೋಡಿದರು. ನಾನು ಹೆದರಿದ್ದೆನೇ ಎಂದರೆ, ಇಲ್ಲ. ಕಣ್ಣಿಗೆ ಬೆಂಕಿ ಇಟ್ಟು ಸರಿ ಮಾಡುತ್ತೇವೆ ಎಂದಿದ್ದರೂ ಆಗ ಹೋಗಿ ಕೂರುತ್ತಿದ್ದೆ.

ಹುಣ್ಣು ಮಾದ ಮೇಲೂ, ತಪಾಸಣೆಗೆ ಮುಂಚೆ ಹದಿನೈದು ದಿನ ಲೆನ್ಸ್ ಹಾಕಬಾರದು ಎಂದಿದ್ದರು. ಶಾಲೆಗೆ ರಜೆ ಹಾಕಿ, ಕನ್ನಡಕವೂ ಇಲ್ಲದೆ ಊರಲ್ಲಿ ಕಣ್ಣು ಕಾಣುವವಳ ಹಾಗೆ ಓಡಾಡಿದೆ. ಜನರನ್ನು ಕೆಮ್ಮಿನಿಂದ, ನಡಿಗೆಯಿಂದ, ಬೀಡಿ ವಾಸನೆಯಿಂದ ಗುರುತು ಹಿಡಿದೆ. ಬೇಲಿಯ ಮೇಲೆ ಒಣಹಾಕಿದ್ದ ಹಸಿರು ಸೀರೆಗೆ ಊಟ ಆಯ್ತಾ ಅತ್ತೆ ಎಂದು ಕೇಳಿ, ಉತ್ತರ ಬರದಿದ್ದಕ್ಕೆ ಇವಳಿಗೆಷ್ಟು ಜಂಬ ಎಂದು ಸಿಟ್ಟಾಗಿ ಬಂದೆ. ಬೆಂಗಳೂರಿಗೆ ಹೊರಟ ದಿನ ಬಸ್ಸು ತಿಪಟೂರು ದಾಟುತ್ತಲೇ, ಬೆಂಗಳೂರಿನಲ್ಲಿ ಯಾರೂ ನಮ್ಮೂರಿನವರಿಲ್ಲ, ಅಲ್ಲಾದರೂ ಒಂದು ಕನ್ನಡಕ ಕೊಂಡು ಹಾಕಿಕೊಳ್ಳಲಾ ಎಂದು ಕೇಳಿದೆ. ದೇವಿಗೆ ಊರಿನ ಎಲ್ಲೆ ಅಂತ ಇರುತ್ತದೇನೇ ಎಂದು ಅವ್ವ ನನ್ನ ಕೈ ಹಿಡಿದುಕೊಂಡು ಕೂತಳು. ಮೆಜೆಸ್ಟಿಕ್ಕಿನಲ್ಲಿ, ಅಕ್ಷರ ಓದಲು ಬಾರದ ಅವಳು, ಪದವೀಧರೆ ಮಗಳನ್ನು ಕೈಹಿಡಿದು ರಸ್ತೆ ದಾಟಿಸಿದಳು.

ಆಸ್ಪತ್ರೆಯಲ್ಲಿ ಒಂದಾದ ಮೇಲೊಂದು ಯಂತ್ರದ ಮುಂದೆ ಗದ್ದ ಊರಿಸಿ ಕೂರಿಸಿದರು. ಸಂಜೆಗೆ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕರೆದರು. ನನ್ನ ಕಣ್ಣಿನ ಮುಂದಿನ ಪದರ ಹುಟ್ಟಿನಿಂದಲೇ ತೆಳು, ಪವರ್ ಬೇರೆ ಹೆಚ್ಚು, ತಿದ್ದಲು ಅಲ್ಲಿ ಮಾಲೇ ಇಲ್ಲ, ಮಾಡಿದರೆ ಮುಂದೆ ಇರುವ ದೃಷ್ಟಿಯೂ ಕೆಡುತ್ತದೆ ಎಂದು ಬಿಡಿಸಿ ಹೇಳಿದರು. ಬೇರೆ ಆಸ್ಪತ್ರೆಗೂ ಅಲೆಯಬೇಡಿ ಎಂದರು.

"ಒಂದು ಕಣ್ಣಿಗಾದ್ರೂ ಮಾಡಿ ತಾಯಿ," ಎಂದಳು ಅವ್ವ.

ಡಾಕ್ಟರಮ್ಮ ನಗಲಿಲ್ಲ. ಕನ್ನಡಕ ಹಾಕಿದರೆ ನಿಮ್ಮ ಮಗಳಿಗೆ ಎಲ್ಲ ಚೆನ್ನಾಗಿ ಕಾಣುತ್ತದಲ್ಲ, ಕನ್ನಡಕದಿಂದ ನಿಮಗೇನು ತೊಂದರೆ ಎಂದು ನಿಧಾನವಾಗಿ ಕೇಳಿದರು. ಅವ್ವ ಸೆರಗು ಬಾಯಿಗೆ ಹಿಡಿದುಕೊಂಡಳು. ಅಷ್ಟು ಓದಿದವರಿಗೆ ಬೆಳ್ಳಿ ಕಣ್ಣಿನ ಕಥೆ ಎಲ್ಲಿಂದ ಶುರು ಮಾಡಿ ಹೇಳುವುದು?

ವಾಪಸು ಬಸ್ಸಿನಲ್ಲಿ ನಾನು ಬಾಯಿಗೆ ಬಂದದ್ದೆಲ್ಲ ಆಡಿದೆ. ನಿನ್ನ ದೇವಿಗೋಸ್ಕರ ನಾನು ಸಾಯುವ ತನಕ ಬೇಲಿಯ ಸೀರೆ ಮಾತಾಡಿಸಿಕೊಂಡು ಇರಬೇಕಾ ಎಂದೆ. ಮುಂದಿನ ಸೀಟಿನವರು ತಿರುಗಿ ನೋಡಿದರೂ ನಿಲ್ಲಿಸಲಿಲ್ಲ. ಗುಬ್ಬಿ ದಾಟಿದ ಮೇಲೆ ಅವ್ವ ಮೆಲ್ಲಗೆ, ಅವಳನ್ನೇ ಕೇಳೋಣ, ಹೂ ಕೊಡಲಿ ಎಂದಳು.

ಹೂ ಕೇಳುವುದೆಂದರೆ ಇಷ್ಟೇ. ಪೂಜಾರಪ್ಪ ದೇವಿಯ ಎರಡೂ ಭುಜದ ಮೇಲೆ ಒದ್ದೆ ಹೂ ಅಂಟಿಸುತ್ತಾರೆ. ನಾವು ಮನಸ್ಸಿನಲ್ಲಿರುವುದನ್ನು ಹೇಳಿಕೊಂಡು ಕಾಯಬೇಕು. ಬಲಗಡೆಯ ಹೂ ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಬೇಡ ಎಂದು. ನಮ್ಮ ಗುಡಿಯಲ್ಲಿ ದೇವಿಯ ಬಲಕ್ಕೆ ದೀಪದ ಕಂಬ, ಎಡಕ್ಕೆ ನೀರಿನ ತಂಬಿಗೆ. ಹಾಗಾಗಿ ಚಿಕ್ಕಂದಿನಿಂದ ನಮಗೆಲ್ಲ ದೀಪದ ಕಡೆ ಎಂದರೆ ಆಗಬಹುದು, ತಂಬಿಗೆಯ ಕಡೆ ಎಂದರೆ ಆಗದು.

ಮಾರನೆಯ ಮಧ್ಯಾಹ್ನ, ಗುಡಿಯ ಹತ್ತಿರ ಯಾರೂ ಇರದ ಹೊತ್ತು ನೋಡಿ ಹೋದೆವು. ಪೂಜಾರಪ್ಪ ಹೂ ಏರಿಸಿ ಪಕ್ಕಕ್ಕೆ ಸರಿದರು. ಅವ್ವ ಹೊಸಿಲ ಮುಂದೆ ನಿಂತು ಸೊಂಟಕ್ಕೆ ಕೈ ಹಾಕಿ ಏನನ್ನೋ ತೆಗೆದು ನನ್ನ ಕೈಗಿಟ್ಟಳು. ಮುಟ್ಟಿದ ಕೂಡಲೇ ಗೊತ್ತಾಯಿತು. ಅಟ್ಟದ ಮೇಲೆ ಕಾಯಿರಾಶಿಯಲ್ಲಿ ಇಟ್ಟಿದ್ದ ನನ್ನ ಕನ್ನಡಕ. ಗಾಜಿಗೆ ಹಿಡಿದಿದ್ದ ಹೊಗೆಯ ಜಿಡ್ಡನ್ನೆಲ್ಲ ಉಜ್ಜಿ ತೆಗೆದಿದ್ದಳು. ಎಷ್ಟು ದಿನದಿಂದ ಅವಳಿಗೆ ಗೊತ್ತಿತ್ತೋ, ನಾನು ಕೇಳಲಿಲ್ಲ.

"ಮಗಳು ಕನ್ನಡಕ ಹಾಕ್ಕೊಂಡ್ರೆ ನೀನು ಮುನಿಯಲ್ಲ ಅನ್ನೋದಾದ್ರೆ ಬಲಗಡೆ ಕೊಡು ತಾಯಿ," ಎಂದು ಅವ್ವ ಕೈ ಮುಗಿದಳು.

ನನಗೆ ಗರ್ಭಗುಡಿ ಎಂದರೆ ಒಂದು ಕಪ್ಪು, ಅದರೊಳಗೆ ಹಳದಿಯದೊಂದು ಕಲೆ, ಅದು ದೀಪ. ಕನ್ನಡಕ ಹಾಕಿಕೊಂಡು ಕಾಯುವ ಧೈರ್ಯ ಬರಲಿಲ್ಲ. ಮಡಚಿ ಮುಷ್ಟಿಯಲ್ಲಿ ಹಿಡಿದು ನಿಂತೆ. ತುಂಬ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬಿಳಿಯದೇನೋ ಜಾರಿದ ಹಾಗಾಯಿತು. ಎತ್ತ ಜಾರಿತೋ ನನಗೆ ಕಾಣಲಿಲ್ಲ. ಪೂಜಾರಪ್ಪ ಗಂಟಲು ಸರಿಮಾಡಿಕೊಂಡು ಏನೋ ಹೇಳಲು ಹೊರಟರು.

"ಬಲಗಡೆ ಕೊಟ್ಲು ಕಣವ್ವ," ಎಂದಳು ಅವ್ವ, ಅವರಿಗಿಂತ ಮುಂಚೆ. "ಹಾಕ್ಕೊ."

ನಾನು ಕನ್ನಡಕ ಹಾಕಿಕೊಂಡೆ. ಮೊದಲು ಬೆಳ್ಳಿ ಕಣ್ಣು ಕಂಡಿತು, ಮೇಣ ಸಡಿಲವಾಗಿ ಒಂದು ಸ್ವಲ್ಪ ವಾಲಿತ್ತು. ದೀಪದ ಬುಡದಲ್ಲಿ ಏನೂ ಇರಲಿಲ್ಲ. ಬಲ ಭುಜದ ಹೂ ಇನ್ನೂ ಭುಜದ ಮೇಲೇ ಇತ್ತು. ಬಿಳಿ ಸೇವಂತಿಗೆ ಬಿದ್ದಿದ್ದದ್ದು ನೀರಿನ ತಂಬಿಗೆಯ ಪಕ್ಕದಲ್ಲಿ.

ಪೂಜಾರಪ್ಪ ತಲೆ ತಗ್ಗಿಸಿ ಅದನ್ನು ಎತ್ತಿ ತಟ್ಟೆಗೆ ಹಾಕಿ ತಂದರು. ಅವ್ವ ತೆಗೆದುಕೊಂಡು ನನ್ನ ಜಡೆಗೆ ಮುಡಿಸಿದಳು. ಹೂ ಎರಡು ಸಲ ಜಾರಿತು. ನನ್ನ ಮುಖ ನೋಡದೆ, ಹೂ ನೋಡಿದೆಯಾ ಎಂದು ಕೇಳಿದಳು.

"ನೋಡ್ದೆ ಕಣವ್ವ," ಎಂದೆ. "ದೀಪದ ಪಕ್ಕದಲ್ಲೇ ಬಿದ್ದಿತ್ತಲ್ಲ."

ಊರು ಎರಡು ದಿನ ಮಾತಾಡಿತು. ದೇವಿಯೇ ಅಪ್ಪಣೆ ಕೊಟ್ಟಳಂತೆ ಎಂದು ತಿಳಿದ ಮೇಲೆ ತಣ್ಣಗಾಯಿತು. ನಾನು ಕನ್ನಡಕ ಹಾಕಿಕೊಂಡೇ ಶಾಲೆಗೆ ಹೋಗತೊಡಗಿದೆ. ಅಟ್ಟಕ್ಕೆ ಈಗ ಕಾಯಿ ನೋಡಲು ಮಾತ್ರ ಹತ್ತುತ್ತೇನೆ. ಅವ್ವ ಅವತ್ತಿನ ಹೂವಿನ ವಿಷಯ ಮತ್ತೆ ಎತ್ತಲಿಲ್ಲ. ನನಗೆ ಸಣ್ಣ ನೆಗಡಿಯಾದರೂ ಅವಳು ಊಟ ಬಿಡುತ್ತಾಳೆ. ಸಂಜೆ ಹೊನ್ನವಳ್ಳಿಯ ಬಸ್ಸು ತಡವಾದರೆ ಮನೆ ಬಾಗಿಲಲ್ಲಿ ಕಾಯುವುದಿಲ್ಲ, ಗುಡಿಯ ಮುಂದೆ ಹೋಗಿ ಕೈ ಮುಗಿದು ನಿಂತಿರುತ್ತಾಳೆ. ಬಸ್ಸಿಳಿದು ನೋಡಿದರೆ ಅಷ್ಟು ದೂರದಿಂದಲೂ ಅವಳು ನನಗೆ ಚೆನ್ನಾಗಿ ಕಾಣುತ್ತಾಳೆ.