ಎಂಜಲು ಕಾಗದ

ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಟಿಶ್ಯೂ ಎಣಿಸುತ್ತಿದ್ದ ದೊಡ್ಡಪ್ಪನ ಚಿತ್ರವೇ ಮೊದಲು ಕಣ್ಣ ಮುಂದೆ ಬರುತ್ತದೆ. ಅದು ಬಲಗೈ ಹೆಬ್ಬೆರಳೋ ಎಡಗೈಯದೋ ಈಗ ಹೇಳಲಾರೆ. ಅವರ ಬಗ್ಗೆ ನನಗಿದ್ದ ತಾತ್ಸಾರ ಇನ್ನೂ ಎಷ್ಟೋ ವಿವರಗಳನ್ನು ತಿದ್ದಿರಬಹುದು. ಒದ್ದೆ ಬೆರಳು ಮಾತ್ರ ನಿಜ. ಊರವರು ಬಾಯಿ ಒರೆಸಿಕೊಳ್ಳುವ ಕಾಗದವನ್ನು ಒಂದೊಂದಾಗಿ ಉಗುಳು ಹಚ್ಚಿ ಬಿಡಿಸಿ, ಕಟ್ಟು ಕಟ್ಟಿ, "ಶುದ್ಧ ಮಾಲು ಕಣ್ರೀ" ಎಂದು ಕೊಡುತ್ತಿದ್ದರು.

ಅರಸೀಕೆರೆ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಅವರ ಅಂಗಡಿ. ಟಿಶ್ಯೂ, ಪೇಪರ್ ಪ್ಲೇಟು, ಪೇಪರ್ ಲೋಟ, ಅಡುಗೆಮನೆಯ ರೋಲು. ಬಂದವರು ಏನೇ ಹೇಳಲಿ, "ಹೌದು" ಎನ್ನುವುದು ಅವರು ಕಲಿತ ಒಂದೇ ವಿದ್ಯೆ. ಪ್ಲಾಸ್ಟಿಕ್ಕೇ ಗಟ್ಟಿ ಎಂದವರಿಗೂ ಹೌದು, ಪ್ಲಾಸ್ಟಿಕ್ ನಿಲ್ಲಬೇಕು ಎಂದ ಮೇಷ್ಟರಿಗೂ ಹೌದು. ಎರಡರ ನಡುವೆ ಮುಖದ ಒಂದು ಗೆರೆಯೂ ಬದಲಾಗುತ್ತಿರಲಿಲ್ಲ. ನೋಡಿದರೆ ನನಗೆ ಹೇಸಿಗೆಯಾಗುತ್ತಿತ್ತು.

ನಾನಾಗ ಪರಿಸರ ವಿಜ್ಞಾನದ ಎಂ.ಎಸ್ಸಿ. ಮುಗಿಸಿ ಊರಿನ ಕಾಲೇಜಿಗೆ ಪಾಠ ಹೇಳಲು ಸೇರಿದ್ದೆ. ಬಾಯಿ ಒರೆಸಿ ಬಿಸಾಡುವುದಕ್ಕೆ ಮರ ಕಡಿಯಬೇಕೇ, ಹಳೆ ನೋಟ್‌ಬುಕ್ಕುಗಳನ್ನು ಅರೆದು ಮಾಡಿದ ಟಿಶ್ಯೂ ತರಿಸಿ ಎಂದು ಅವರಿಗೆ ಹೇಳಿದೆ. ಹೌದು ಎಂದರು, ತರಿಸಿಯೂಬಿಟ್ಟರು. ತುಸು ಮಾಸಲು ಬಿಳಿ. ಕವರಿನ ಮೇಲೆ ಹಸಿರಕ್ಷರದಲ್ಲಿ 'ಮರುಬಳಕೆ ಕಾಗದ'. ಅದನ್ನು ಮೊದಲು ಕೈಗೆತ್ತಿಕೊಂಡ ಹೆಂಗಸು ಓದಿದವಳೇ ಕೆಳಗಿಟ್ಟಳು.

"ಮರುಬಳಕೆ ಅಂದ್ರೆ? ಯಾರೋ ಒರೆಸಿ ಬಿಸಾಕಿದ್ದನ್ನ ತೊಳ್ದು ತಂದವ್ರಾ?"

"ಅಲ್ಲಮ್ಮ, ಹಳೆ ಪುಸ್ತಕ..." ಎಂದು ನಾನು ಶುರುಮಾಡಿದೆ.

"ಪುಸ್ತಕಾನೋ, ಯಾರ ಎಂಜಲೋ, ನೀನೇನ್ ನೋಡಿದ್ದೀಯಾ? ನಮ್ಮನೇಗೆ ಪೂಜೆಗೆ ಅಯ್ಯನೋರು ಬತ್ತಾರೆ, ಊಟ ಐತೆ. ಬ್ಯಾರೆ ಕೊಡವ್ವ."

ಊರಿಗೆ ಊರೇ ಹಾಗೆ ಅಂದುಕೊಂಡಿತು. ಒಂದು ತಿಂಗಳು ಒಂದು ಪ್ಯಾಕೆಟ್ಟೂ ಹೋಗಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಪೆಟ್ಟಿಗೆಗಟ್ಟಲೆ ಖಾಲಿಯಾಗತೊಡಗಿತು. ಜನ ತಿಳಿದುಕೊಂಡರೆಂದು ತರಗತಿಯಲ್ಲಿ ಜಂಭ ಕೊಚ್ಚಿಕೊಂಡೆ. ಅದೇ ವಾರವಿರಬೇಕು, ಅಂಗಡಿಯ ಹಿಂದಿನ ಕೋಣೆಗೆ ಹೋದರೆ ದೊಡ್ಡಮ್ಮ ನೆಲದ ಮೇಲೆ ಕೂತು, ಹಸಿರಕ್ಷರದ ಕವರಿನಿಂದ ಟಿಶ್ಯೂ ತೆಗೆದು ಬರೀ ಬಿಳಿ ಕವರಿಗೆ ತುಂಬುತ್ತಿದ್ದರು. ಖಾಲಿಯಾದ ಹಸಿರಕ್ಷರದ ಕವರುಗಳೂ ದಂಡವಾಗುತ್ತಿರಲಿಲ್ಲ. ಅವಕ್ಕೆ ಕಂದು ಬಣ್ಣ ಹಾಕಿದ ಮಾಮೂಲಿ ಟಿಶ್ಯೂ ತುಂಬಿ ಬಿಕ್ಕೋಡಿನ ಹೋಂಸ್ಟೇಗಳಿಗೆ ಕಳಿಸುತ್ತಿದ್ದರು. ಬೇಲೂರು ಹಳೇಬೀಡು ನೋಡಲು ಬೆಂಗಳೂರಿನಿಂದ ಬರುವವರಿಗೆ ಆ ಹಸಿರಕ್ಷರ ಬೇಕಿತ್ತು, ಕಾಗದ ಕಂದು ಬಣ್ಣದ್ದಾಗಿರದಿದ್ದರೆ ನಂಬಿಕೆ ಬರುತ್ತಿರಲಿಲ್ಲ. ಎಂಜಲಿಗೆ ಹೆದರಿದವರಿಗಿಂತ ಇವರು ಜಾಣರೆಂದು ನನಗೇನೂ ಅನ್ನಿಸಲಿಲ್ಲ.

"ಇದು ಮೋಸ ಅಲ್ವಾ ದೊಡ್ಡಪ್ಪ?"

"ಇವ್ರಿಗೆ ಮಡಿ ಬೇಕು, ಅವ್ರಿಗೆ ಪರಿಸರ ಬೇಕು. ಇಬ್ಬರಿಗೂ ಸಿಕ್ತು. ನಿನ್ನ ಮರಾನೂ ಅರ್ಧ ಉಳೀತಲ್ಲ, ಸುಮ್ನಿರೇ."

ಸುಮ್ಮನಾದೆ. ಇದನ್ನು ಬರೆಯದೆ ಅವರನ್ನು ಜರೆಯುವ ಹಕ್ಕು ನನಗಿಲ್ಲ.

ಜಾವಗಲ್ಲಿನಲ್ಲಿ ದೊಡ್ಡಮ್ಮನ ತಮ್ಮನ ಮನೆ ಗೃಹಪ್ರವೇಶ. ಟಿಶ್ಯೂ ನಮ್ಮ ಅಂಗಡಿಯದೇ. ಕವರು ಬದಲಿಸುವಾಗ ಒಳಗಿದ್ದ ಹಸಿರು ಚೀಟಿಯೊಂದು ದೊಡ್ಡಮ್ಮನ ಕಣ್ಣು ತಪ್ಪಿಸಿತ್ತು. ಮೊದಲ ಪಂಕ್ತಿಯಲ್ಲಿ ಅಯ್ಯನವರು ಊಟ ಮುಗಿಸಿ ಕೂತಲ್ಲೇ ಕೈ ತೊಳೆದು ಟಿಶ್ಯೂ ಎಳೆದರು, ಚೀಟಿ ಎಲೆಯ ಪಕ್ಕ ಬಿತ್ತು. ಎದುರು ಸಾಲಿನ ಅಜ್ಜಿ ಅದನ್ನೆತ್ತಿಕೊಂಡು 'ಮರುಬಳಕೆ ಕಾಗದ' ಎಂದು ಎಲ್ಲರಿಗೂ ಕೇಳುವಂತೆ ಓದಿದರು. ಎರಡನೇ ಪಂಕ್ತಿಗೆ ಯಾರೂ ಕೂರಲಿಲ್ಲ. ಎಲ್ಲರೂ ದೊಡ್ಡಪ್ಪನ ಕಡೆ ತಿರುಗಿದರು.

"ನಂಗೇನ್ ಗೊತ್ತು? ಓದಿದೋಳು ಅಂತ ಇವಳ ಮಾತು ಕೇಳ್ದೆ. ಇವಳೇ ತರ್ಸಿದ್ದು," ಎಂದು ನನ್ನತ್ತ ಬೆರಳು ತೋರಿಸಿದರು. ಕವರು ಬದಲಿಸಿದ ಮಾತೇ ಇಲ್ಲ. ಸಾಲದೆಂಬಂತೆ ಅಯ್ಯನವರ ಪಾದ ಹಿಡಿದು, "ಇನ್ಮೇಲೆ ಆ ದರಿದ್ರ ನನ್ನ ಅಂಗಡಿ ಹೊಸಿಲು ದಾಟಕ್ಕಿಲ್ಲ, ನಿಮ್ಮಾಣೆ" ಎಂದರು.

"ಕಾಲು ಬಿಡ್ರೀ. ಉಳಿದೋರು ಕೂತ್ಕಳಿ, ಸಾರು ಆರ್ತೈತೆ," ಎಂದರು ಅಯ್ಯನವರು. ಆ ಮನೆಯಲ್ಲಿ ಅವತ್ತು ಕೇಳುವವರಿಗೆ ನಾಚಿಕೆಯಾಗದಂತೆ ಮಾತಾಡಿದವರು ಅವರೊಬ್ಬರೇ.

ಅಲ್ಲಿಂದಾಚೆ ನೆಂಟರ ಮನೆಗಳಲ್ಲಿ ನಾನು 'ಎಂಜಲು ಮೇಡಂ'. "ತಟ್ಟೆ ಹೊಸದೇ ಕಣೇ, ಬೇಕಾದ್ರೆ ಹಳೇದ್ ಕೊಡ್ತೀವಿ" ಎಂದು ನಗುವರು. ಇಷ್ಟು ಓದಿ ಊರಿಗೆ ಮರಳಿದ್ದವಳಿಗೆ ನನ್ನವರಲ್ಲಿ ಇದ್ದದ್ದು ಮಾತಿನ ಬೆಲೆಯೊಂದೇ. ಅದನ್ನು ದೊಡ್ಡಪ್ಪ ಒಂದು ಪಂಕ್ತಿ ಊಟಕ್ಕೆ ಮಾರಿದ್ದರು. ಎರಡು ವರ್ಷ ದೊಡ್ಡಪ್ಪನ ಜೊತೆ ಮಾತು ಬಿಟ್ಟೆ. ದಾರಿಯಲ್ಲಿ ಎದುರಾದರೆ ಅವರು ಹಲ್ಲು ಕಿರಿಯುವರು, ನಾನು ರಸ್ತೆ ದಾಟುವೆನು. ಒಂದು ಬೆಳಿಗ್ಗೆ ಅಂಗಡಿಯ ಷಟರ್ ಎತ್ತುತ್ತ ಎದೆ ಹಿಡಿದುಕೊಂಡು ಕುಸಿದವರು ಮತ್ತೆ ಏಳಲಿಲ್ಲ. ನನಗೆ ಅಳು ಬಂದ ನೆನಪಿಲ್ಲ. ಬಂದಿದ್ದರೂ ಬರೆದಿಟ್ಟಿಲ್ಲ.

ಅಂಗಡಿ ಖಾಲಿ ಮಾಡಲು ದೊಡ್ಡಮ್ಮನ ಜೊತೆ ಹೋದೆ. ಹಿಂದಿನ ಕೋಣೆಯಲ್ಲಿ ಗೋಡೆಯೆತ್ತರಕ್ಕೆ ಪೆಟ್ಟಿಗೆಗಳಿದ್ದವು, ಲಾರಿಯ ಹಗ್ಗದ ಗುರುತು ಇನ್ನೂ ಹೊಸದು. ಬಿಚ್ಚಿದರೆ ಅದೇ ಮಾಸಲು ಬಿಳಿ ಕಾಗದ. ಆಣೆಯಿಟ್ಟ ಮೇಲೂ ಅವರು ನಿಲ್ಲಿಸಿರಲಿಲ್ಲ. ಎರಡು ವರ್ಷ, ನನ್ನನ್ನು ಎಂಜಲೆಂದು ನಕ್ಕವರೆಲ್ಲ ಅದರಲ್ಲೇ ಬಾಯಿ ಒರೆಸಿಕೊಂಡಿದ್ದರು.

ಲಾಭದ ಆಸೆಗೆ ಎಂದು ಬರೆದುಕೊಂಡರೆ ನನ್ನ ತಾತ್ಸಾರ ಹಾಗೇ ಉಳಿಯುತ್ತದೆ. ಆದರೆ ಅದು ಮಾಮೂಲಿ ಟಿಶ್ಯೂಗಿಂತ ಅಗ್ಗವೋ ದುಬಾರಿಯೋ ನನಗೆ ಗೊತ್ತಿಲ್ಲ. ಬಲ್ಲವರು ದೊಡ್ಡಮ್ಮ ಒಬ್ಬರೇ. ಅವತ್ತು ಕೇಳಿದೆ, ಅವರು ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಲೇ ಇದ್ದರು. ಕಳೆದ ತಿಂಗಳು ಮತ್ತೆ ಕೇಳಿದೆ:

"ಅಗ್ಗ ಅಂತ ತರ್ಸಿದ್ರಾ ದೊಡ್ಡಮ್ಮ, ನಾನು ಹೇಳಿದ್ದೆ ಅಂತ ತರ್ಸಿದ್ರಾ?"