ನನ್ನ ಚಪ್ಪಲಿ ಎತ್ತಿಕೊಂಡ ಮನುಷ್ಯ

ಕೈವಾರದ ದೇವಸ್ಥಾನದಿಂದ ಹೊರಗೆ ಬಂದಾಗ ಮೊದಲು ಕಣ್ಣಿಗೆ ಬಿದ್ದದ್ದು ನನ್ನ ಹೊಸ ಚಪ್ಪಲಿ, ಅದೂ ಯಾರೋ ಮುದುಕನ ಕೈಯಲ್ಲಿ! ಆತನದು ಬರಿಗಾಲು. ಹೆಗಲ ಟವೆಲ್ಲಿನಿಂದ ಬೆವರು ಒರೆಸಿಕೊಂಡ, ಅತ್ತಿತ್ತ ನೋಡಿದ, ಪಕ್ಕದಲ್ಲಿದ್ದ ಇನ್ನೊಂದು ಜೊತೆಯನ್ನೂ ಎತ್ತಿಕೊಂಡು ಗೋಡೆಯ ಮೂಲೆ ತಿರುಗಿ ಮರೆಯಾದ.

ಚಿಂತಾಮಣಿಯಲ್ಲಿ ನಾಲ್ಕು ಅಂಗಡಿ ಅಲೆದು ಕೊಂಡ ಚಪ್ಪಲಿ ಅದು. ಬಿಡುತ್ತೇನೆಯೇ? ಕಾದ ಕಲ್ಲುಚಪ್ಪಡಿಯ ಮೇಲೆ ಕುಣಿಯುತ್ತಲೇ ಬೆನ್ನುಹತ್ತಿದೆ.

“ಏನ್ರೀ, ವಯಸ್ಸಾದೋರು ಮಾಡೋ ಕೆಲ್ಸಾನಾ ಇದು? ಇಡ್ರೀ ಕೆಳಗೆ!” ಎಂದು ಕೂಗಿದೆ. ಅಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಆತ ಚಪ್ಪಲಿಯನ್ನು ಮೆಲ್ಲಗೆ ಕೆಳಗಿಟ್ಟ. ಆಗಲೇ ನಾನು ನೋಡಿದ್ದು. ಗೋಡೆಯ ನೆರಳಿನಲ್ಲಿ ಭಕ್ತರ ಚಪ್ಪಲಿಗಳೆಲ್ಲ ಜೊತೆ ಜೊತೆಯಾಗಿ, ಸಾಲಾಗಿ ಕೂತಿದ್ದವು.

“ನೀವು ಬಿಟ್ಟಿದ್ ಕಡೆ ಬಿಸಿಲು ಬಂತಲ್ಲಮ್ಮ. ನೆರಳು ಜರುಗ್ದಂಗೆ ನಾನೂ ಜರುಗಿಸ್ತಾ ಇರ್ತೀನಿ. ಕಾದಿದ್ದು ಮೆಟ್ಕೊಂಡ್ರೆ ಕಾಲು ಸುಡಲ್ವಾ?” ಎಂದರು ಅವರು.

ಅವರನ್ನು ಆ ಕೆಲಸಕ್ಕೆ ಯಾರೂ ಇಟ್ಟಿಲ್ಲ, ತಾವಾಗಿಯೇ ದಿನಾ ಬರುತ್ತಾರೆ ಎಂದು ಹೂ ಮಾರುವಾಕೆ ಹೇಳಿದಳು. ಕ್ಷಮೆ ಕೇಳಲು ತಿರುಗಿದರೆ ಅವರಾಗಲೇ ಮತ್ತೆರಡು ಜೊತೆ ತರಲು ಬಿಸಿಲಿಗೆ ಹೋಗಿದ್ದರು.

ಈಗ ಯಾವ ದೇವಸ್ಥಾನಕ್ಕೆ ಹೋದರೂ ಅಕ್ಕಪಕ್ಕದವರ ಚಪ್ಪಲಿಯನ್ನೂ ನೆರಳಿಗೆ ಸರಿಸಿಯೇ ಹೊರಡುತ್ತೇನೆ. ಮೊನ್ನೆ ಒಬ್ಬ ಮಹಿಳೆ ತಮ್ಮ ಜೋಡನ್ನು ನನ್ನ ಕೈಯಿಂದ ಕಿತ್ತುಕೊಂಡು ದುರುಗುಟ್ಟಿ ನೋಡಿದರು. ನನಗೆ ಒಂದಿಷ್ಟೂ ಕೋಪ ಬರಲಿಲ್ಲ.